ಸಾಕಮ್ಮನ ಹೊಂಡದ ಉಸಿರುಪೆಟ್ಟಿಗೆ

"ಹೊಂಡಕ್ಕೆ ಸಗಣಿ ಬೇಕು ಅಂತ ಕೊಟ್ಟಿಗೆ ಗಂಟ ಯಾಕಕ್ಕ ಹೋಯ್ತೀಯ? ನಿನ್ನ ಮಗನ ತಲೇನ ವಸಿ ಇತ್ಲಾಗೆ ಬಗ್ಗಿಸು, ಸಾಕು," ಎಂದ ಮಾಯಿಗೌಡ.

ಹೊಸ ಯಂತ್ರ ನೋಡಲೆಂದು ಬೀದಿಯ ಅರ್ಧ ಜನ ಆಗ ಸಾಕಮ್ಮನ ಹಿತ್ತಲಲ್ಲಿದ್ದರು. ಎಲ್ಲರೂ ನಕ್ಕರು. ಬೇಲಿಯಾಚೆ ಕಟ್ಟಿದ್ದ ಎಮ್ಮೆಯೂ ಅದೇ ಹೊತ್ತಿಗೆ ಕೂಗಿದ್ದರಿಂದ ಅದೂ ನಕ್ಕಿತೆಂದೇ ಸಾಕಮ್ಮನ ಮಗ ಚಲುವನಿಗೆ ಅನ್ನಿಸಿತು. ಅವನ ಕಿವಿ ಕಾದ ಕಾವಲಿಯಂತಾಯಿತು. ಆದರೆ ಮಾಯಿಗೌಡ ಅವ್ವನ ಸ್ವಂತ ತಮ್ಮ, ತನಗೆ ಸೋದರಮಾವ. ಹಲ್ಲು ಕಡಿಯುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಚಲುವನಿಗೆ ಸಿಟ್ಟು ಹೊಸದಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಮೇಲೆ ಸಿಟ್ಟು ಮಾಡಿಕೊಂಡು ಸ್ಕೂಲು ಬಿಟ್ಟ. ಪಂಪ್‌ಸೆಟ್ ರಿಪೇರಿ ಅಂಗಡಿ ಸೇರಿ, ಸಾಹುಕಾರನ ಮೇಲೆ ಸಿಟ್ಟು ಮಾಡಿಕೊಂಡು ಅದನ್ನೂ ಬಿಟ್ಟ. ಸಿಟ್ಟು ಬಂದರೆ ಬೇರೆಯವರು ಬೈಯುತ್ತಾರೆ, ತಟ್ಟೆ ಎಸೆಯುತ್ತಾರೆ. ಚಲುವ ತಟ್ಟೆಯನ್ನೂ ಎಸೆಯುತ್ತಿದ್ದ, ಆಮೇಲೆ ಹೋಗಿ ಏನಾದರೊಂದು ಯಂತ್ರ ಮಾಡುತ್ತಿದ್ದ. ಅಷ್ಟೇ ವ್ಯತ್ಯಾಸ.

ಈ ಸಲದ ಸಿಟ್ಟು ಗೆಂಡೆಮೀನಿನ ವಿಷಯದ್ದು. ನಾಲೆ ಪಕ್ಕದ ಆ ಊರಿನಲ್ಲಿ ಹಿತ್ತಲಿಗೊಂದು ಪುಟ್ಟ ಹೊಂಡ. ನಾಲೆ ನೀರು ತುಂಬಿಸಿ, ನೀರು ಹಸಿರಾಗಲೆಂದು ಸಗಣಿ ಕದಡಿ, ಮರಿ ಬಿಟ್ಟು, ಬೆಳಿಗ್ಗೆ ತೌಡು ಎರಚಿದರೆ ಆಯಿತು. ಗೆಂಡೆಗಳಲ್ಲಿ ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದೇ ಮನೆಯ ಮೂರು ಅಂತಸ್ತಿನಲ್ಲಿ ಮೂರು ಸಂಸಾರ ಇದ್ದ ಹಾಗೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕುವುದಿಲ್ಲ. ಇವುಗಳ ಜೊತೆಗೆ, ಹಸಿರು ಕಂಡದ್ದನ್ನೆಲ್ಲ ಮೇಯುವ ಹುಲ್ಲುಗೆಂಡೆ ಒಂದೆರಡು.

ಸಾಕಮ್ಮನ ಹೊಂಡದಲ್ಲಿ ಮಾತ್ರ ಈ ಬೇಸಿಗೆಯಲ್ಲಿ ಮೀನುಗಳು ಬೆಳಗಾದರೆ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರಿನಲ್ಲಿ ಉಸಿರು ಸಾಲದು. ಎರಡು ಸತ್ತೂ ಹೋದವು. ಮಾಯಿಗೌಡನಿಗೆ ಇಷ್ಟೇ ಬೇಕಿತ್ತು. ಹೊಂಡದ ಒಂದು ಮಗ್ಗುಲು ಅವನ ಪಾಲಿನ ಜಾಗಕ್ಕೆ ಸೇರಿತ್ತು. ಅವನು ಹೊಸದಾಗಿ ತಂದ ಟ್ರ್ಯಾಕ್ಟರಿಗೆ ನೆರಳಿರುವ ಜಾಗ ಬೇಕಾಗಿತ್ತು.

"ಇನ್ನೊಂದು ಮೀನು ಸಾಯ್ಲಿ, ಮಣ್ಣು ತರ್ಸಿ ಹೊಂಡ ಮುಚ್ಚಿಸ್ತೀನಿ," ಎಂದು ಅವನು ಎಲ್ಲರೆದುರು ಹೇಳಿದ್ದ. ಸಾಕಮ್ಮ ಆವತ್ತು ಊಟ ಮಾಡಲಿಲ್ಲ. ಚಲುವ ತಟ್ಟೆ ಎಸೆದ. ಆಮೇಲೆ ಯಂತ್ರ ಮಾಡಿದ.

ಅದೇ ಈ ಉಸಿರುಪೆಟ್ಟಿಗೆ. ಪಂಕ್ಚರ್ ಅಂಗಡಿಯವರು ಮೂಲೆಗೆಸೆದ ಕಂಪ್ರೆಸರು, ಔಷಧಿ ಹೊಡೆಯುವ ಸ್ಪ್ರೇಯರಿನ ಮೂತಿ, ಹಳೇ ಟೇಪ್‌ರೆಕಾರ್ಡರಿನ ಸ್ಪೀಕರು, ಇವುಗಳನ್ನೆಲ್ಲ ಒಂದು ಟ್ರಂಕಿನೊಳಗೆ ಕೂರಿಸಿ ಹೊರಗಡೆ ತಿರುಗಿಸುವ ಒಂದು ಗುಂಡಿ ಇಟ್ಟಿದ್ದ.

"ಇದು ಗಾಳಿಯ ಗುಳ್ಳೆ ಬಿಡ್ತದೆ," ಎಂದು ಚಲುವ ಜನರಿಗೆ ವಿವರಿಸಿದ. "ಸ್ಪೀಕರು ನಡುಗಿ ಆ ಗುಳ್ಳೇನ ಸಾವಿರ ಗುಳ್ಳೆ ಮಾಡ್ತದೆ. ಆ ಸಾವಿರದಲ್ಲಿ ಒಂದೊಂದನ್ನೂ ಮತ್ತೆ ಸಾವಿರ. ಕಣ್ಣಿಗೆ ಕಾಣಕ್ಕಿಲ್ಲ. ಸೀದಾ ಮೀನಿನ ಒಳೀಕೆ ಹೋಯ್ತದೆ."

"ಕಣ್ಣಿಗೆ ಕಾಣಕ್ಕಿಲ್ಲ ಅಂದ್ರೆ ಇಲ್ಲ ಅಂತಲೇ ಅಲ್ವೇನಪ್ಪ?" ಎಂದಳು ಪಕ್ಕದ ಮನೆಯ ಹೊಂಬಾಳಮ್ಮ.

"ನಿನ್ನ ಗಂಡನ ಬುದ್ಧಿ ಕಣ್ಣಿಗೆ ಕಾಣ್ತದಾ?"

"ಇಲ್ಲ. ಅದಕ್ಕೇ ಕೇಳ್ದೆ."

ಚಲುವ ಗುಂಡಿಯನ್ನು ಕಾಲುಭಾಗ ತಿರುಗಿಸಿದ. ಟ್ರಂಕು ಗೊರಕೆ ಹೊಡೆಯಿತು. ಹೊಂಡದ ನೀರು ಹಾಲಿನಂತೆ ಬೆಳ್ಳಗಾಗಿ, ಮೆಲ್ಲನೆ ತಿಳಿಯಾಯಿತು. ಬಾಯಿ ಬಿಡುತ್ತಿದ್ದ ಮೀನುಗಳು ಒಮ್ಮೆ ಮೈ ಕೊಡವಿ, ತಂತಮ್ಮ ಅಂತಸ್ತಿಗೆ ಇಳಿದುಹೋದವು. ನಗುತ್ತಿದ್ದವರು ನಗು ನಿಲ್ಲಿಸಿದರು. ಮಾಯಿಗೌಡ ಟ್ರಂಕಿಗೆ ಒಂದು ಸುತ್ತು ಬಂದು, ಬೈಯಲು ಏನೂ ಸಿಗದೆ, "ಕರೆಂಟ್ ಬಿಲ್ಲು ಯಾರಪ್ಪ ಕಟ್ತಾನೆ?" ಎಂದು ಹೊರಟುಹೋದ.

ಆ ಹೊತ್ತಿಗೇ ನಿಲ್ಲಿಸಿದ್ದರೆ ಎಲ್ಲ ಸರಿಯಿರುತ್ತಿತ್ತು. ಆದರೆ ಚಲುವ ಕೈಕಾಲು ತೊಳೆಯಲು ನಾಲೆಗೆ ಹೋದಾಗ ಸಾಕಮ್ಮ ಹೊಂಡದ ದಂಡೆಯಲ್ಲಿ ಕುಂತು ಮೀನುಗಳನ್ನು ನೋಡಿದಳು. ಪಾಪ, ಎಷ್ಟು ದಿನ ಉಸಿರಿಗೆ ಒದ್ದಾಡಿದವು. ಅವಳ ಮನೆಯಲ್ಲಿ ಯಾರಿಗೇ ಬಡಿಸಿದರೂ, ಸಾಕು ಅಂದಮೇಲೂ ಒಂದು ಸೌಟು ಬೀಳುವುದು ಪದ್ಧತಿ. ಅವಳು ಗುಂಡಿಯನ್ನು ತಿರುಗಿಸಿದಳು. ಮತ್ತೊಂದು ಚೂರು ತಿರುಗಿಸಿದಳು. ಆಮೇಲೆ ಅದು ತಿರುಗುವಷ್ಟೂ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಹೊಂಬಾಳಮ್ಮ ಬಟ್ಟೆ ಹರವಲು ಬಂದಾಗ ಹಗ್ಗದ ಮೇಲೆ ತನ್ನ ಗಂಡನ ಬನಿಯನ್ನಿನ ಪಕ್ಕದಲ್ಲಿ ಒಂದು ರೋಹು ನಿಂತಿತ್ತು. ನೇತುಹಾಕಿದ್ದಲ್ಲ, ತಾನಾಗೇ ಗಾಳಿಯಲ್ಲಿ ನಿಂತದ್ದು. ಬಾಲವನ್ನು ಅತ್ತಿತ್ತ ಆಡಿಸುತ್ತ, ಬನಿಯನ್ನಿನ ತೂತಿನಲ್ಲಿ ಇಣುಕಿ ನೋಡುತ್ತಿತ್ತು.

"ಸಾಕಮ್ಮಾ," ಎಂದಳು ಅವಳು ಬೇಲಿಯ ಮೇಲಿಂದ, ದನಿಯೇರಿಸದೆ. "ನಿಮ್ಮ ಮೀನು ನಮ್ಮ ಮನೀಗೆ ಬಂದದೆ. ಎದ್ದು ಬಾ."

ಚಲುವ ಎದ್ದು ಬಂದು ನೋಡಿದರೆ ಹೊಂಡದಲ್ಲಿ ಒಂದೂ ಮೀನಿಲ್ಲ. ಬೆಳ್ಳಕ್ಕಿಯೊಂದು ನೀರಿನಲ್ಲಿ ನಿಂತು ಅದುವರೆಗೂ ಕೆಳಗೆ ನೋಡಿ ಅಭ್ಯಾಸವಾಗಿದ್ದ ಕತ್ತನ್ನು ಮೇಲೆತ್ತಿ ಮಂಕಾಗಿತ್ತು. ಕಾಟ್ಲಾಗಳು ಮಾಡಿನ ಮಟ್ಟದಲ್ಲಿ ಹೆಂಚಿನ ಪಾಚಿ ಮೇಯುತ್ತಿದ್ದವು. ರೋಹುಗಳು ಬಾಗಿಲಪಟ್ಟಿಯ ಎತ್ತರದಲ್ಲಿ ಮನೆಯಿಂದ ಮನೆಗೆ ನೆಂಟಸ್ತಿಕೆಗೆ ಹೊರಟಿದ್ದವು. ಮೃಗಾಲ್‌ಗಳು ಮೊಣಕಾಲಿಗಿಂತ ಮೇಲೇಳದೆ ಕೋಳಿಗಳ ಸಂದಿಯಲ್ಲಿ ನೆಲ ಕೆದಕುತ್ತಿದ್ದವು. ಕೋಳಿಗಳು ಆ ಬೆಳಿಗ್ಗೆ ಮೊಟ್ಟೆ ಇಡುವ ಯೋಚನೆಯನ್ನೇ ಬಿಟ್ಟವು. ನೀರು ಬಿಟ್ಟರೂ ಮೀನುಗಳು ತಮ್ಮ ಅಂತಸ್ತು ಬಿಟ್ಟಿರಲಿಲ್ಲ.

"ಅವ್ವ, ಎಷ್ಟಕ್ಕಿಟ್ಟಿದ್ದೆ ಗುಂಡೀನ?"

"ಪೂರ್ತಿ. ಅರೆಹೊಟ್ಟೆ ಬಡ್ಸೋದು ನಮ್ಮ ವಂಸದಲ್ಲೇ ಇಲ್ಲ."

"ಅವು ನೆಂಟ್ರಲ್ಲ ಅವ್ವ, ಮೀನು. ಮೀನಿನ ಹೊಟ್ಟೇಲಿ ಗಾಳಿಚೀಲ ಅಂತ ಒಂದದೆ. ಅದು ತುಂಬಿ ಬಲೂನಾಗವೆ!"

"ಬಲೂನಾದ್ರೂ ಉಸುರಾಡ್ತಾವಲ್ಲ," ಎಂದಳು ಸಾಕಮ್ಮ ಮೇಲೆ ನೋಡುತ್ತ. "ಎಂಗವೆ ನೋಡು, ಕಳೆಕಳೆಯಾಗಿ."

ಅದೇನೋ ನಿಜ. ಆದರೆ ಬಿಸಿಲೇರಿದರೆ ಒಂದೊಂದೂ ಒಣಮೀನಾಗುವುದು ಖಂಡಿತ. ಆಗ ಮಾವ, ಮಣ್ಣು, ಟ್ರ್ಯಾಕ್ಟರು. ಚಲುವ ಏಣಿ ತಂದು ಮಾಡು ಹತ್ತಿದ. ಕಾಟ್ಲಾಗಳು ಪಕ್ಕದ ಮಾಡಿಗೆ ಹೋದವು. ಏಣಿಯನ್ನು ಅಲ್ಲಿಗೆ ಹೊತ್ತ. ಅವು ವಾಪಸು ಬಂದವು. ಅಷ್ಟರಲ್ಲಿ ಹುಲ್ಲುಗೆಂಡೆಯೊಂದು ಹೊಂಬಾಳಮ್ಮನ ಬಾಗಿಲಿನ ಮಾವಿನ ತೋರಣವನ್ನು ಪೂರ್ತಿ ತಿಂದು, ಅವಳ ಮುಡಿಯಲ್ಲಿದ್ದ ಮರುಗದ ದಂಡೆಗೆ ಬಾಯಿಹಾಕಿತು. ಅವಳು ಅದಕ್ಕೆ ಪೊರಕೆಯಲ್ಲಿ ಒಂದು ಕೊಟ್ಟು, ಮರುಗಳಿಗೆಯೇ ಪಾಪ ಅನ್ನಿಸಿ ಚೊಂಬಿನಿಂದ ನೀರು ಚಿಮುಕಿಸಿದಳು. ಅದನ್ನು ನೋಡಿ ಬೀದಿಯ ಹೆಂಗಸರೆಲ್ಲ ಚೊಂಬು ಹಿಡಿದು ಹೊರಬಂದು, ಹಾದುಹೋದ ಮೀನಿಗೆಲ್ಲ ನೀರು ಚಿಮುಕಿಸತೊಡಗಿದರು. ನೀರು ಬಿದ್ದದ್ದು ಹೆಚ್ಚಾಗಿ ಗಂಡಸರ ಮೇಲೆ.

ಮಾಯಿಗೌಡ ಮಾತ್ರ ಚೊಂಬು ತರಲಿಲ್ಲ. ತನ್ನ ಜಗುಲಿಗೆ ಬಂದ ದಪ್ಪ ರೋಹುವನ್ನು ಪಂಚೆಯಲ್ಲಿ ಸುತ್ತಿ ಹಿಡಿದ.

"ಮಾವ, ಬುಡು ಅದ್ನ. ಅವ್ವನ್ದು."

"ನನ್ನ ಜಗಲೀಗೆ ಬಂದದ್ದು ನನ್ದು."

"ತಿನ್ಬೇಡ ಮಾವ. ಅದ್ರೊಳಗೆ ಗಾಳಿ ಅದೆ."

"ನನಗೇ ಬುದ್ಧಿ ಯೋಳ್ತೀಯೇನ್ಲಾ? ಲಕ್ಕೂ, ಮಸಾಲೆ ಅರಿ," ಎಂದು ಹೆಂಡತಿಯನ್ನು ಕೂಗಿದ. ಆಮೇಲೆ ಅಕ್ಕನ ಕಡೆ ತಿರುಗಿ, "ಇನ್ನೊಂದು ಮೀನು ಸತ್ರೆ ಅಂದಿದ್ದೆ. ಈಗೊಂದು ಸಾಯ್ತಾ ಅದೆ. ಮಣ್ಣಿಗೆ ಯೋಳಿ ಕಳಿಸ್ತೀನಿ," ಎಂದ.

"ನೀನೇ ಕೊಂದು ಸತ್ತೋಯ್ತು ಅಂತೀಯಲ್ಲೋ ಮಾಯಿ."

"ಎಂಗೆ ಸತ್ರೂ ಸಾವು ಸಾವೇ ಕಣಕ್ಕ."

ಸಾಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ತೌಡಿನ ಡಬ್ಬ ತಂದಳು. ದಿನಾ ಬೆಳಿಗ್ಗೆ ಮಾಡುವಂತೆ ದಂಡೆಯ ಮೇಲೆ ಕುಂತು ಡಬ್ಬವನ್ನು ಕಲ್ಲಿನಿಂದ ಬಡಿದಳು. ಟಣ್ ಟಣ್ ಸದ್ದಿಗೆ ಮಾಡಿನ ಮೇಲಿದ್ದವು, ಜಗುಲಿಯಲ್ಲಿದ್ದವು, ಕೋಳಿಗಳ ನಡುವೆ ಇದ್ದವು, ಎಲ್ಲವೂ ಒಂದೇ ಸಲಕ್ಕೆ ತಿರುಗಿ, ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗುವವರಂತೆ ಬಂದವು. ಹೊಂಡದ ಮೇಲೆ ಗುಂಪಾಗಿ ನಿಂತು ಬಾಯಿ ತೆರೆದವು. ತೌಡು ಎರಚಿದರೆ ಗಾಳಿಯಲ್ಲೇ ತಿಂದವು. ನೀರಿಗೆ ಮಾತ್ರ ಒಂದೂ ಇಳಿಯಲಿಲ್ಲ.

"ಇಳೀರೋ ಅಂದ್ರೆ!" ಎಂದು ಚಲುವ ಮೀನುಗಳ ಮೇಲೆ ರೇಗಿದ.

"ನೀನು ಮೊದ್ಲು ಉಣ್ಣು," ಎಂದು ಸಾಕಮ್ಮ ಅವನ ಮುಂದೆ ಮುದ್ದೆಯ ತಟ್ಟೆ ಇಟ್ಟಳು. "ಹಸ್ದೋನಿಗೆ ಸಿಟ್ಟು ಜಾಸ್ತಿ."

ಆ ಮಾತಿಗೆ ಅವನ ಸಿಟ್ಟು ನೆತ್ತಿಗೇರಿತು. ತಟ್ಟೆ ಎಸೆದ. ತಟ್ಟೆ ಬೇಲಿಗೆ ಬಿತ್ತು. ಮುದ್ದೆ ಚೂರುಚೂರಾಗಿ ಹಾರಿತು. ಒಂದು ದಪ್ಪ ಚೂರನ್ನು ಕಾಟ್ಲಾ ಗಾಳಿಯಲ್ಲೇ ಹಿಡಿದು, ಹಲ್ಲಿಗೆ ತಾಕಿಸದೆ, ಮುದ್ದೆ ನುಂಗಬೇಕಾದ ರೀತಿಯಲ್ಲೇ ನುಂಗಿತು. ಒಂದು ಗಳಿಗೆ ಏನೋ ನೆನಪಾದಂತೆ ನಿಂತಿತು. ಆಮೇಲೆ ಕಲ್ಲಿನಂತೆ ಗುಳುಂ ಎಂದು ನೀರಿಗೆ ಬಿತ್ತು.

ಮೊದಲು ಎದ್ದವಳು ಹೊಂಬಾಳಮ್ಮ. "ನಮ್ಮನೇಲಿ ಮುದ್ದೆ ಬಿಸೀದದೆ, ತತ್ತೀನಿ ತಡಿ," ಎಂದಳು.

ಬೀದಿಯ ಪ್ರತಿ ಮನೆಯಿಂದ ಮುದ್ದೆ ಬಂತು. ಚಲುವ ಗೋಲಿ ಗಾತ್ರ ಮಾಡಿ ಮೃಗಾಲ್‌ಗೆ, ನಿಂಬೆ ಗಾತ್ರ ಮಾಡಿ ರೋಹುವಿಗೆ, ಅದಕ್ಕೂ ದಪ್ಪನಾದ್ದು ಕಾಟ್ಲಾಗೆ ಎಸೆದ. ಹುಲ್ಲುಗೆಂಡೆ ಮುದ್ದೆ ಮೂಸಿ ಮುಖ ತಿರುವಿದಾಗ ಹೊಂಬಾಳಮ್ಮ ಅದನ್ನು ಸೊಪ್ಪಿನಲ್ಲಿ ಸುತ್ತಿ ಕೊಟ್ಟಳು. ಗುಳುಂ, ಗುಳುಂ ಎಂದು ಇಡೀ ಹೊಂಡ ತುಂಬಿತು. ಮಾವ ಒಯ್ದದ್ದೊಂದನ್ನು ಬಿಟ್ಟು ಎಲ್ಲವೂ ಮನೆ ಸೇರಿದವು.

ಆಗಲೇ ಮಣ್ಣು ತುಂಬಿದ ಟ್ರ್ಯಾಕ್ಟರು ಬಂದು ಬೇಲಿಯ ಬಳಿ ನಿಂತಿತು. "ಎಲ್ಲಿ ಸುರೀಲಿ ಗೌಡ್ರೇ?" ಎಂದು ಡ್ರೈವರು ಮಾಯಿಗೌಡನ ಮನೆ ಕಡೆ ಕೂಗಿದ.

ಮಾಯಿಗೌಡ ಹೊರಬಂದ. ಆದರೆ ನಡೆದು ಬರಲಿಲ್ಲ. ಟ್ರ್ಯಾಕ್ಟರು ಕೊಂಡ ದಿನದಿಂದ ಅವನು ಮುದ್ದೆ ಬಿಟ್ಟು ಅನ್ನಕ್ಕೆ ಬಡ್ತಿ ಪಡೆದಿದ್ದ. ಹೊಟ್ಟೆತುಂಬ ಮೀನುಸಾರು ಅನ್ನ ಉಂಡವನ ಕಾಲು ಕೈತೊಳೆಯಲು ಏಳುವಾಗಲೇ ನೆಲ ಬಿಟ್ಟಿತ್ತು. ಬಾಗಿಲಪಟ್ಟಿಗೆ ತಲೆ ತಾಗಿಸಿಕೊಂಡು, ಅಂಗಾತನಾಗಿ ಹೊರಗೆ ತೇಲಿಬಂದ. ತಿಂದದ್ದು ರೋಹುವಾದ್ದರಿಂದ ರೋಹುವಿನ ಮಟ್ಟದಲ್ಲೇ ನಿಂತ. ಹಿಂದೆ ಲಕ್ಕಮ್ಮ ಪಂಚೆಯ ಚುಂಗು ಹಿಡಿದು ಓಡಿಬಂದಳು. ಪಂಚೆ ಸಡಿಲವಾಗಿರುವುದು ಕಂಡು, ಮರ್ಯಾದೆಯ ಪ್ರಶ್ನೆಯೆಂದು ಕೈಬಿಟ್ಟಳು.

ಸಾಕಮ್ಮ ಕೈಲಿದ್ದ ಡಬ್ಬವನ್ನು ಗಾಬರಿಯಲ್ಲಿ ಬೀಳಿಸಿದಳು. ಟಣ್ ಎಂದಿತು. ಮಾಯಿಗೌಡ ಮೆಲ್ಲನೆ ಆ ಸದ್ದಿನ ಕಡೆ ತಿರುಗಿ, ಬೇಲಿ ದಾಟಿ, ಹೊಂಡದ ನಟ್ಟನಡುವೆ ಬಂದು ನಿಂತ. ಹೊಂಡದೊಳಗಿನ ಮೀನುಗಳು ಅವನನ್ನು ತಲೆಯೆತ್ತಿ ನೋಡಿದವು.

"ಸುರೀಲಾ ಗೌಡ್ರೇ, ಹೊಂಡಕ್ಕೆ?" ಎಂದ ಡ್ರೈವರು.

"ಬ್ಯಾಡ ಬ್ಯಾಡ! ಕೆಳಗೆ ನೀರಿರ್ಲಿ. ಬಿದ್ರೆ ಸೊಂಟ ಉಳೀತದೆ."

"ಹಂಗಾರೆ ಹೊಂಡ ಇರ್ಲಾ ಮಾಯಿ?" ಎಂದಳು ಸಾಕಮ್ಮ.

"ಇರ್ಲಿ ಕಣಕ್ಕ."

"ಇವತ್ತಿಗಾ?"

"ಯಾವತ್ತಿಗೂ ಇರ್ಲಿ. ನನ್ನ ಮಗ್ಗಲೂ ನೀನೇ ಇಟ್ಕೊ. ಮುದ್ದೆ ಕೊಡು."

ಬೀದಿಯವರೆಲ್ಲ ಕೇಳಿಸಿಕೊಂಡರು. ಡ್ರೈವರು ಮಣ್ಣನ್ನು ರಸ್ತೆಯ ಹಳ್ಳಕ್ಕೆ ಸುರಿದು ಹೋದ. ಸಾಕಮ್ಮ ಉದ್ದನೆಯ ಬಿದಿರಿನ ಗಳದ ತುದಿಗೆ ಮುದ್ದೆ ಸಿಕ್ಕಿಸಿ ತಮ್ಮನ ಬಾಯಿಗೆ ಹಿಡಿದಳು. ಸಾಕು ಅಂದಮೇಲೂ ಒಂದು. ಮಾಯಿಗೌಡ ಇಳಿಯುತ್ತ ಇಳಿಯುತ್ತ, ನೀರಿಗೆ ಒಂದು ಮೊಳ ಉಳಿದಾಗ ನಿಂತುಬಿಟ್ಟ. ಊರಲ್ಲಿ ಮುದ್ದೆ ಮುಗಿದಿತ್ತು.

ಸಾಕಮ್ಮ ಹೊಸದಾಗಿ ಎಸರಿಟ್ಟಳು. ಜನ ದಂಡೆಯ ಸುತ್ತ ಕುಂತರು. ಮೃಗಾಲೊಂದು ನೀರಿನಿಂದ ಮೇಲೆ ನೆಗೆದು ಮಾಯಿಗೌಡನ ಅಂಗಾಲು ಕಚ್ಚಿ ನೋಡಿತು.

"ಚಲುವ," ಎಂದ ಮಾಯಿಗೌಡ. ದನಿ ಮೆತ್ತಗಾಗಿತ್ತು. "ಎಸ್ರು ಕುದಿಯೋ ಗಂಟ ಹಿಂಗೇ ಇರಕ್ಕಾಗಕ್ಕಿಲ್ಲ ಕಣಪ್ಪ. ಏನಾರ ಮಾಡು. ವಸಿ ತಲೆ ಓಡ್ಸು."

ಎಲ್ಲರೂ ಚಲುವನ ಕಡೆ ನೋಡಿದರು. ಚಲುವ ಮಾವನನ್ನು ನೋಡಿದ. ಬೇಲಿಗೆ ಒರಗಿಸಿದ್ದ ಮಂಕರಿಯನ್ನು ಎತ್ತಿಕೊಂಡು ಕೊಟ್ಟಿಗೆಯ ಕಡೆ ನಡೆದ. ಹೊಂಡಕ್ಕೆ ಆ ವಾರದ ಸಗಣಿ ಇನ್ನೂ ಬಿದ್ದಿರಲಿಲ್ಲ.