ನಮ್ಮನೆ ಪ್ರಿಂಟರ್ ಕುಡಿದ ಮಸಿ

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವನು ನಗೆಪಾಟಲಾಗುವ ಸಂದರ್ಭಗಳಿಗೆ ಬರವೇ ಇಲ್ಲ. ಎರಡು ಸಾವಿರದ ಐದಾರನೇ ಇಸವಿ ಇರಬೇಕು, ಹುಣಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದೆ. ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ತೆಗೆಯೋಣವೆಂದು ಬಣ್ಣದ ಪ್ರಿಂಟರ್ ತಂದೆ. ಬೀದಿಯವರೆಲ್ಲ ಬಂದು ನೋಡಿ ಹೋದರು. ಮಸಿ ಮುಗಿಯುವವರೆಗೆ ನಾನೂ ಅದನ್ನು ಹೊಗಳುತ್ತಲೇ ಇದ್ದೆ.

೧. ಹೊಸದೇ ಅಗ್ಗ

ಮಸಿ ಮೂರೇ ವಾರಕ್ಕೆ ಮುಗಿಯಿತು. ಬಸ್ಸು ಹತ್ತಿ, ಪ್ರಿಂಟರ್ ಕೊಂಡಿದ್ದ ಮೈಸೂರಿನ ಅಂಗಡಿಗೇ ಹೋದೆ. ಕಪ್ಪು, ಬಣ್ಣ ಎರಡೂ ಡಬ್ಬಿಗೆ ಅಂಗಡಿಯವನು ಹೇಳಿದ ಬೆಲೆ ಕೇಳಿ, "ನಾನು ಕೇಳಿದ್ದು ಮಸಿ ಸ್ವಾಮಿ, ಪ್ರಿಂಟರ್ ಅಲ್ಲ" ಎಂದೆ.

"ಮಸಿದೇ ಹೇಳಿದ್ದು ಸಾರ್. ಜಾಸ್ತಿ ಅನ್ಸಿದ್ರೆ ಹೊಸ ಪ್ರಿಂಟರ್ರೇ ತಗೊಳ್ಳಿ, ಸ್ವಲ್ಪ ಕಡಿಮೆ ಬೀಳುತ್ತೆ. ಮಸಿ ಒಳಗೇ ಇರುತ್ತೆ."

ಲೆಕ್ಕ ಸರಿಯೆನ್ನಿಸಿತು. ಇನ್ನೊಂದು ಪ್ರಿಂಟರ್ ಹೊತ್ತುಕೊಂಡು ಬಂದೆ. ಬಾಗಿಲಲ್ಲೇ ತಡೆದ ಹೆಂಡತಿಗೆ ಎಲ್ಲ ಬಿಡಿಸಿ ಹೇಳಿದೆ. ಸಾವಧಾನವಾಗಿ ಕೇಳಿಸಿಕೊಂಡು ಅಂದಳು:

"ಸರಿ. ನಾಳೆ ಗ್ಯಾಸ್ ಮುಗಿಯುತ್ತೆ, ಹೊಸ ಒಲೆ ತಂದುಬಿಡಿ."

೨. ರಜೆ ಅರ್ಜಿ

ಹೊಸದರಲ್ಲಿ ಕಂಪನಿಯವರು ಅರ್ಧ ಡಬ್ಬಿ ಮಸಿಯನ್ನಷ್ಟೇ ತುಂಬಿದ್ದರು. ಆಮೇಲೆ ನಾನು ಜಿಪುಣನಾದೆ. ಅಕ್ಷರಗಳನ್ನು ಸಾಸಿವೆ ಕಾಳಿನಷ್ಟು ಮಾಡಿ, ಬಣ್ಣ ತಿಳಿಯಾಗಿಸಿ, ಕೆ.ಆರ್. ನಗರದಲ್ಲಿ ನಂಟರ ಮದುವೆಗೆಂದು ಎರಡು ದಿನದ ರಜೆ ಅರ್ಜಿ ಮುದ್ರಿಸಿ ಕೊಟ್ಟೆ. ಹೆಡ್ಮಾಸ್ಟರು ಕನ್ನಡಕ ಒರೆಸಿದರು, ಕಿಟಕಿ ಹತ್ತಿರ ಹೋದರು, ಕೊನೆಗೆ ಬಿಸಿಲಿಗೇ ಹಿಡಿದರು.

"ರಜೇನೂ ಇಷ್ಟೇ ಚಿಕ್ಕದು ಸಾಕೇನ್ರೀ?" ಎಂದು ಅರ್ಧ ದಿನ ಕೊಟ್ಟರು.

೩. ಹತ್ತು ಬೆರಳು

ಎಚ್.ಡಿ. ಕೋಟೆಯಲ್ಲಿ ಕಾಂಪೌಂಡರ್ ಆಗಿದ್ದ ನನ್ನ ಭಾವಮೈದ ಒಂದು ಉಪಾಯ ಹೇಳಿದ: "ಭಾವ, ಬಾಟ್ಲಿ ಮಸಿ ತಂದು ಸಿರಿಂಜಲ್ಲಿ ಡಬ್ಬಿಗೆ ಚುಚ್ಚಿ, ಅಗ್ಗ." ಚುಚ್ಚಿದೆ. ಡಬ್ಬಿ ಕುಡಿದದ್ದಕ್ಕಿಂತ ನನ್ನ ಮೇಲೆ ಉಗುಳಿದ್ದೇ ಹೆಚ್ಚು. ಸೋಪು, ನಿಂಬೆಹಣ್ಣು, ಬೂದಿ ಯಾವುದಕ್ಕೂ ಹತ್ತು ಬೆರಳಿನ ಕಲೆ ಬಗ್ಗಲಿಲ್ಲ. ಮಾರನೆಯ ದಿನವೇ ಮತದಾನ.

ಮತಗಟ್ಟೆಯಲ್ಲಿ ನನ್ನ ಕೈ ಕಂಡದ್ದೇ ಪಕ್ಷದ ಏಜೆಂಟ್ ಎದ್ದು ನಿಂತ. "ಏನ್ ಮೇಷ್ಟ್ರೇ, ಹತ್ತು ಕಡೆ ಓಟಾಕ್ಬುಟ್ಟು ಬಂದಂಗದೆ!"

ಸಾಲಿನವರೆಲ್ಲ ನಕ್ಕರು. ಪುಣ್ಯಕ್ಕೆ ನಮ್ಮ ಬೀದಿಯ ಅಜ್ಜಿಯೊಬ್ಬರು ಹಿಂದಿನಿಂದ ಕೂಗಿದರು: "ಬುಡ್ರಪ್ಪಾ, ಅವ್ರ ಮಿಷನ್‌ಗೆ ಉಸಾರಿಲ್ಲ, ಸೂಜಿ ಚುಚ್ತಾ ಅವ್ರೆ!"

ಅಧಿಕಾರಿ ಪಟ್ಟಿಯಲ್ಲಿ ಹೆಸರು ನೋಡಿ ಒಪ್ಪಿದರು. ಆಮೇಲೆ ಕಡ್ಡಿ ಹಿಡಿದು ನನ್ನ ಕೈಯನ್ನು ಅತ್ತಿತ್ತ ತಿರುಗಿಸಿ, "ಸಾರ್, ಗುರುತು ಹಾಕೋಕೆ ಸ್ವಲ್ಪ ಖಾಲಿ ಜಾಗ ತೋರಿಸ್ತೀರಾ?" ಎಂದರು.

೪. ಕಾಣೆಯಾದ ಎಮ್ಮೆ

ಒಂದು ಬೆಳಿಗ್ಗೆ ಕಂಪಲಾಪುರದಿಂದ ನನ್ನ ಶಿಷ್ಯನ ತಂದೆ ಬಂದರು. ರೈತರು. ಕಣ್ಣು ಕೆಂಪಗಿತ್ತು. "ಎಮ್ಮೆ ಕಾಣ್ತಿಲ್ಲ ಕಣ್ರಿ ಮೇಷ್ಟ್ರೇ. ತುಂಬಿದ ಗಬ್ಬ. ಮನೇಲಿ ಎಂಗಸ್ರು ಊಟ ಬುಟ್ಟು ಕೂತವ್ರೆ. ಕಾಗದ ಮಾಡ್ಕೊಡಿ, ಅಂಟಿಸ್ತೀನಿ" ಎಂದು ಜೇಬಿನಿಂದ ಎಮ್ಮೆಯ ಫೋಟೊ ತೆಗೆದರು.

ಇಲ್ಲವೆನ್ನಲು ಮನಸ್ಸಾಗಲಿಲ್ಲ. ನನ್ನ ಹೊಸ ಪ್ರಿಂಟರ್ ಫೋಟೊ ನಕಲು ತೆಗೆಯುತ್ತಿತ್ತು. ಆದರೆ ಆ ಎಮ್ಮೆ ಕೊಂಬಿನಿಂದ ಬಾಲದವರೆಗೆ ಅಚ್ಚ ಕಪ್ಪು! ಮೊದಲ ಹಾಳೆಯಲ್ಲಿ ಮಿರಮಿರ ಮಿಂಚಿತು. ಎರಡನೆಯದರಲ್ಲಿ ಬೂದಿ ಬಣ್ಣ. ಮೂರನೆಯದರಲ್ಲಿ ಮಂಜಿನೊಳಗೆ ನಿಂತಂತಿತ್ತು. ನಾಲ್ಕನೆಯದರಲ್ಲಿ ಕೊಂಬಿನ ಗೆರೆ, ಎರಡು ಕಣ್ಣು, ಅಷ್ಟೇ.

"ಅಟ್ಟಿಯಿಂದ ಓಗಿದ್ದು ಸಾಲ್ದು ಅಂತ ಕಾಗದದಿಂದ್ಲೂ ಓಯ್ತಾ ಅದಲ್ಲ ಮೇಷ್ಟ್ರೇ!" ಎಂದರು. ಆದರೂ ನಾಲ್ಕರ ಕೆಳಗೂ ನನ್ನಿಂದ ತಮ್ಮ ಹೆಸರು, ಊರು ಬರೆಸಿಕೊಂಡು ಒಯ್ದು, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಹಿಡಿದು ದಾರಿಯುದ್ದಕ್ಕೂ ಅಂಟಿಸಿದರು.

ಮೂರನೆಯ ದಿನ ಮತ್ತೆ ಬಂದರು. ಮುಖ ಅರಳಿತ್ತು. "ಸಿಕ್ತು ಕಣ್ರಿ! ಪಕ್ಕದೂರಲ್ಲಿ ಕಟ್ಟಾಕಿದ್ರು, ಕಾಗದ ನೋಡಿ ಒಡ್ಕೊಂಡ್ ಬಂದ್ರು."

ನನಗೂ ಕಣ್ಣು ತುಂಬಿತು. ಮಸಿಗೆ ಸುರಿದ ದುಡ್ಡೆಲ್ಲ ಸಾರ್ಥಕವಾಯಿತು ಎಂದುಕೊಂಡೆ. ಅವರು ಮಾತ್ರ ಎದ್ದು ಹೋಗಲೇ ಇಲ್ಲ.

"ಇನ್ನೊಂದು ಕಾಗದ ಬೇಕಿತ್ತು. ಆ ನಾಕನೇ ಕಾಗದ ನೋಡ್ಕಂಡು ಯಾರೋ ಬಿಳಿ ಅಸ ತಂದು ನಮ್ಮಟ್ಟೀಲಿ ಕಟ್ಬುಟ್ಟು ಓಗವ್ರೆ. ಈಗ ಅದ್ರ ಯಜಮಾನ್ನ ಉಡುಕ್ಬೇಕು." ನನ್ನ ಮುಖ ನೋಡಿ ತಕ್ಷಣ ಸಮಾಧಾನವನ್ನೂ ಹೇಳಿದರು:

"ಎದರ್ಬ್ಯಾಡಿ ಮೇಷ್ಟ್ರೇ, ಬಿಳೀದು. ಮಸೀನೇ ಇಡಿಯಾಕಿಲ್ಲ!"