ಭಾವನ ತೂಕದ ಮೆಟ್ಟಿಲು

ನಮ್ಮ ಭಾವ ಮನುಷ್ಯರನ್ನು ಮುಖ ನೋಡಿ ಗುರುತಿಸುತ್ತಿರಲಿಲ್ಲ, ತೂಕದಿಂದ ಗುರುತಿಸುತ್ತಿದ್ದರು! ನಂಬುವುದಿಲ್ಲವೇ? ನನ್ನ ಮದುವೆಯಲ್ಲಿ ಧಾರೆ ಮುಗಿದು ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಮೆಲ್ಲನೆ ಹತ್ತಿರ ಬಂದು, "ಹುಡುಗ ಐವತ್ತೈದು ಕೆಜಿ ಇದ್ದಾನಮ್ಮ, ಅದೂ ಪೇಟ ಸೇರಿ. ಆಷಾಢದಲ್ಲಿ ಹೊರಗೆ ಕಳಿಸ್ಬೇಡ, ಗಾಳಿ ಜಾಸ್ತಿ" ಎಂದರು. ನನ್ನ ಅಳು ಅಲ್ಲಿಗೇ ನಿಂತುಹೋಯಿತು.

ಅವರು ಮಾತ್ರ ನೂರಹತ್ತು ಕೆಜಿ. ಆಟೋದವರು ಅವರನ್ನು ಕಂಡರೆ ಮೊದಲು ಟೈರು ನೋಡಿ, ಆಮೇಲೆ ಮೀಟರು ಹಾಕುತ್ತಿದ್ದರು.

ತೂಕದ ಈ ಹುಚ್ಚು ಹೊಟ್ಟೆಪಾಡಿನಿಂದ ಬಂದದ್ದು. ಪೀಣ್ಯದಲ್ಲಿ ತೂಕದ ಯಂತ್ರ ಮಾಡುವ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ. ಮನೆ ಚಿಕ್ಕಬಾಣಾವರದ ಸ್ಟೇಷನ್ ಆಚೆ. ಮನೆಯಲ್ಲಿ ಅವರು ಮತ್ತು ನಮ್ಮಕ್ಕ, ಇಬ್ಬರೇ.

ಅಕ್ಕನಿಗೆ ಮದುವೆಯಾದ ಎರಡನೇ ವರ್ಷ ಒಂದು ಜ್ವರ ಬಂತು. ಜ್ವರ ಇಳಿಯಿತು, ಹೋಗುವಾಗ ಕಿವಿಯನ್ನು ತೆಗೆದುಕೊಂಡು ಹೋಯಿತು. ಮಾತಿಗೇನೂ ಆಗಲಿಲ್ಲ. ಎದುರಿಗೆ ನಿಂತರೆ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಕಷ್ಟವೆಲ್ಲ ಬೆನ್ನಿನದು! ಬೆನ್ನ ಹಿಂದೆ ಯಾರು ಬಂದರು, ಯಾರು ಹೋದರು, ಹೇಗೆ ತಿಳಿಯಬೇಕು? ಯಾರಾದರೂ ತಟ್ಟನೆ ಭುಜ ಮುಟ್ಟಿದರೆ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ. ದಿನವಿಡೀ ಬಾಗಿಲಿಗೆ ಮುಖ ಮಾಡಿಯೇ ಕೂತಿರುತ್ತಿದ್ದಳು. ಹುರುಳಿಕಾಯಿ ಹೆಚ್ಚುವುದೂ ಹಾಗೇ, ಊಟ ಮಾಡುವುದೂ ಹಾಗೇ. ಸ್ನಾನಕ್ಕೆ ಹೋಗುವುದೆಂದರೆ ಅವಳಿಗೆ ದೊಡ್ಡ ಧೈರ್ಯದ ಕೆಲಸ.

"ಸ್ವಂತ ಮನೇಲಿ ಕಾವಲುಗಾರರ ಥರ ಕೂರೋದೇನೇ?" ಎಂದವರೇ ಭಾವ ಒಂದು ಭಾನುವಾರ ಬಾಗಿಲ ಮುಂದಿನ ಮೆಟ್ಟಿಲ ಕಲ್ಲನ್ನು ಕಿತ್ತುಬಿಟ್ಟರು.

ಕಲ್ಲಿನ ಕೆಳಗೆ ಗುಜರಿಯಿಂದ ತಂದ ತೂಕದ ಯಂತ್ರದ ಹೊಟ್ಟೆ. ಅದರ ಮೇಲೆ ಮತ್ತೆ ಅದೇ ಕಲ್ಲು. ಗೋಡೆಯೊಳಗೆ ತಂತಿ. ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ಅದರ ಮಿದುಳು. ಅಡುಗೆಮನೆ, ನಡುಮನೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಎಲ್ಲೆಲ್ಲೂ ಪುಟ್ಟ ಪುಟ್ಟ ದೀಪ. ಮಕ್ಕಳೋ ನಾಯಿಯೋ ಮೆಟ್ಟಿಲು ಹತ್ತಿದರೆ ಹಳದಿ. ದೊಡ್ಡವರಾದರೆ ಹಸಿರು. ನೀಲಿ ಮಾತ್ರ ಭಾವನೊಬ್ಬರದೇ! ಆ ಊರಿನಲ್ಲಿ ಅಷ್ಟು ತೂಕಕ್ಕೆ ಬೇರೆ ಯಾರಿದ್ದರು ಹೇಳಿ? ಕರೆಂಟು ಹೋದರೆ ಇರಲಿ ಎಂದು ಹಳೆಯ ಸ್ಕೂಟರ್ ಬ್ಯಾಟರಿ ಬೇರೆ. ಬೀದಿಯೆಲ್ಲ ಕತ್ತಲಾದಾಗಲೂ ಅಕ್ಕನಿಗೆ ಗಂಡ ಬಂದದ್ದು ತಿಳಿಯುತ್ತಿತ್ತು. ನೀಲಿ ಕಂಡ ಕೂಡಲೇ ಅವಳು ಕಾಫಿಗೆ ಇಡುವಳು.

ನಾನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಚಪಾತಿ ಲಟ್ಟಿಸುತ್ತಿದ್ದಳು. ಗೋಡೆ ಮೇಲೆ ಹಳದಿ ಮಿನುಗಿತು. ತಿರುಗಿಯೂ ನೋಡದೆ, "ಪಕ್ಕದ್ಮನೆ ಪುಟ್ಟಿ, ಬಾಮ್ಮ" ಎಂದಳು. ಬಾಗಿಲಲ್ಲಿ ನಿಜವಾಗಿಯೂ ಪುಟ್ಟಿ!

ಆಗ ಎಲ್ಲೆಲ್ಲೂ ಕಂಪ್ಯೂಟರಿನದೇ ಮಾತು. ನಮ್ಮ ಯಜಮಾನರ ಆಫೀಸಿಗೂ ಒಂದು ಬಂದಿತ್ತು. ಅದಕ್ಕೆ ಏಸಿ ಕೋಣೆಯಂತೆ, ಮೇಲೆ ಹೊದಿಕೆಯಂತೆ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಂತೆ. ಇವರು ವರ್ಣಿಸಿದ್ದೇ ವರ್ಣಿಸಿದ್ದು. ಭಾವ ಎಲ್ಲ ಕೇಳಿಸಿಕೊಂಡು, "ಅದೇನ್ರೀ, ದೇವರ ಕೋಣೆನಾ? ಅದರ ಮುಂದೆ ಮನುಷ್ಯ ಹೋಗಿ ಕೂತ್ಕೋಬಾರ್ದು. ಮನುಷ್ಯ ಇರೋ ಕಡೆ ಅದು ಬಂದು ಸುಮ್ನೆ ಇರ್ಬೇಕು. ಇದೆ ಅಂತ್ಲೇ ಮರೆತುಹೋಗ್ಬೇಕು" ಎಂದರು. ನಮ್ಮವರು ಅವತ್ತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳಲಿಲ್ಲ.

ಆದರೆ ಊರು ಸುಮ್ಮನಿರುತ್ತದೆಯೇ? ಆ ಮನೆಗೆ ಹೋದರೆ ತೂಕ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಮುಟ್ಟದೆ ಒಳಗೆ ಹಾರತೊಡಗಿದರು! ದೀಪ ಹೊತ್ತಲಿಲ್ಲ. ಅಕ್ಕ ತಿರುಗಿ ನೋಡಿದರೆ ಅಡುಗೆಮನೆಯಲ್ಲಿ ಐದು ಮಂದಿ! ತಟ್ಟೆ ಬಿತ್ತು. ಮರುವಾರವೇ ಭಾವ ಯಾರೂ ಹಾರಲಾಗದಷ್ಟು ಅಗಲದ ಕಲ್ಲು ತಂದು ಹಾಕಿಸಿದರು.

ಇನ್ನೊಂದು ದಿನ ಮಧ್ಯಾಹ್ನ ನೀಲಿ ಹೊತ್ತಿತು. ಇವತ್ತು ಬೇಗ ಬಂದರಲ್ಲ ಎಂದು ಅಕ್ಕ ಕಾಫಿ ಹಿಡಿದು ಬಂದಳು. ನೋಡಿದರೆ ಅಂಗಡಿಯಿಂದ ಅಕ್ಕಿ ಮೂಟೆ ಹೊತ್ತು ತಂದವನು. ಅವನು ಮೂಟೆ ಇಳಿಸಿ, ಲೋಟ ಈಸಿಕೊಂಡು, "ಇಂಗೆ ಕಾಫಿ ಕೊಡೋದಾದ್ರೆ ದಿನಾ ಒಂದ್ ಮೂಟೆ ತರ್ಸಿ ಅಕ್ಕಾ" ಎಂದನಂತೆ. ಸಂಜೆ ಭಾವನದು ಒಂದೇ ರಗಳೆ. "ನನ್ನ ತೂಕಕ್ಕೆ ಬಂದೋರಿಗೆಲ್ಲ ಕಾಫಿನೇನೇ? ನಾಳೆ ಎಮ್ಮೆ ಬಂದ್ರೆ?"

"ಎಮ್ಮೆಗೆ ಸಕ್ಕರೆ ಜಾಸ್ತಿ ಹಾಕ್ತೀನಿ" ಎಂದಳು ಅಕ್ಕ.

ಒಮ್ಮೆ ನಾನು ಅಲ್ಲಿಗೆ ಹೋದಾಗ ಗೇಟಿನ ಹತ್ತಿರವೇ ಭಾವ ಸಿಕ್ಕರು. ಕೆಲಸ ಮುಗಿಸಿ ಬರುತ್ತಿದ್ದರು. ಅಂಗಿ ಮೈಮೇಲೆ ಜೋಲಾಡುತ್ತಿತ್ತು. ಅವರ ಕಾಯಿಲೆಯ ವಿಷಯ ನಮಗೆಲ್ಲ ಆಗತಾನೇ ತಿಳಿದಿತ್ತು. ಕೈಯಿಂದ ಬ್ಯಾಗು ತೆಗೆದುಕೊಳ್ಳಲು ಹೋದರೆ ನನ್ನ ಭುಜವೇ ಜಗ್ಗಿತು.

"ಏನ್ ಭಾವ ಇದು, ಕಾರ್ಖಾನೆನೇ ಹೊತ್ಕೊಂಡ್ ಬಂದ್ರಾ?"

"ಶ್! ತೂಕದ ಕಲ್ಲಮ್ಮ. ಹೋದ ತಿಂಗಳು ನಾನು ಹತ್ತಿದಾಗ ಹಸಿರು ಬಂತು. ಯಾರೋ ಅಂತ ಬಾಗಿಲಿಗೆ ಬಂದ್ಲು. ನನ್ನ ನೋಡಿದ್ಲು, ದೀಪ ನೋಡಿದ್ಲು. ಅವಳ ಮುಖ ನೋಡಕ್ಕಾಗ್ಲಿಲ್ಲ. ಅವತ್ತಿಂದ ಇದನ್ನ ಹೊರ್ತಾ ಇದೀನಿ."

"ಡಬ್ಬ ಇಳಿಸಿ ತಿದ್ದಬಾರ್ದಾ?"

"ಎಷ್ಟಕ್ಕೆ ಅಂತ ತಿದ್ಲಿ? ದಿನಾ ಇಳೀತಿದೆ. ಹೀಗೇ ತಿದ್ತಾ ಹೋದ್ರೆ ಕೊನೆಗೆ ಹಾಲಿನವನು ಬಂದ್ರೂ ನೀಲಿನೇ!" ಎಂದು ನಕ್ಕರು. ಬ್ಯಾಗನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದರು. ಒಳಗೆ ನೀಲಿ ಹೊತ್ತಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಭಾವ ಹೋದರು.

ಕಾರ್ಯಗಳೆಲ್ಲ ಮುಗಿದ ಮೇಲೆ ನೆಂಟರೆಲ್ಲ ಸೇರಿ ತೀರ್ಮಾನಿಸಿದರು. ಕಿವಿ ಕೇಳದವಳು ಒಬ್ಬಳೇ ಹೇಗಿರುತ್ತಾಳೆ, ತಂಗಿ ಕರೆದುಕೊಂಡು ಹೋಗಲಿ, ಮನೆ ಬಾಡಿಗೆಗೆ ಕೊಡೋಣ, ಬಂದವರು ಆ ತಂತಿಗಳನ್ನೆಲ್ಲ ಕಿತ್ತುಹಾಕಲಿ. ಅಕ್ಕನನ್ನು ಕರೆತರಲು ನಾನೂ ನಮ್ಮವರೂ ಹೊರಟೆವು.

ನಮ್ಮವರು ರಸ್ತೆಯಲ್ಲಿ ಯಾವಾಗಲೂ ಮುಂದೆ. ನಾನು ಹಿಂದೆ. ಮದುವೆಯಾದಾಗಿನಿಂದ ನಾನು ನೋಡಿದ್ದು ಅವರ ಬೆನ್ನನ್ನೇ. ಅವತ್ತು ಮಾತ್ರ ಆ ಮೆಟ್ಟಿಲ ಎದುರು ನನಗೆ ಕಾಲೆತ್ತಲು ಆಗಲಿಲ್ಲ. ಅವರು ಹಿಂತಿರುಗಿ ಬಂದು, ನನ್ನ ಮೊಣಕೈ ಹಿಡಿದು, ಜೊತೆಯಲ್ಲೇ ಹತ್ತಿಸಿದರು.

ಕಿಟಕಿಯೊಳಗೆ ನೀಲಿ ಹೊತ್ತಿತು.

ಅಯ್ಯೋ! ಏನು ಮಾಡಿಬಿಟ್ಟೆವು ಎಂದು ನಾನು ಕೆಳಗಿಳಿಯುವಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಿದ್ದಳು. ಕೈ ತುಂಬ ಹಿಟ್ಟು.

"ಇಳೀಬೇಡ ಕಣೇ. ಹಾಗೇ ನಿಂತ್ಕೊಳ್ಳಿ ಇಬ್ರೂ."

ನಿಂತೆವು. ಅವಳು ಗೋಡೆಯ ದೀಪವನ್ನೇ ನೋಡುತ್ತಿದ್ದಳು. ಆಮೇಲೆ ನಮ್ಮ ಕಾಲುಗಳನ್ನು ನೋಡಿದಳು.

"ಅವರೊಬ್ಬರ ತೂಕಕ್ಕೆ ನೀವಿಬ್ರು ಬೇಕಾಯ್ತು ನೋಡು" ಎಂದು ನಕ್ಕಳು. ಕಣ್ಣು ತುಂಬಿತ್ತು. "ಕಲ್ಲು ಹೊತ್ಕೊಂಡ್ ಬರೋದು ನಂಗೊತ್ತಿತ್ತು ಕಣೇ. ನೀಲಿ ಬಂತಲ್ಲ, ಸಾಕು ಅಂತ ನಾನೂ ಕೇಳ್ಲಿಲ್ಲ."

ನಾನು ಎದುರಿಗೆ ನಿಂತು ಬಂದ ಕೆಲಸ ಹೇಳಿದೆ. ಅಕ್ಕ ಅಡ್ಡಡ್ಡ ತಲೆಯಾಡಿಸಿದಳು.

"ನಿಮ್ಮನೇಲಿ ನಾನು ಮತ್ತೆ ಬಾಗಿಲು ನೋಡ್ತಾ ಕೂರ್ಬೇಕು. ಇಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರ್ತೀನಿ. ಅದಕ್ಕೇ ಅಲ್ವಾ ಅವರು ಇಷ್ಟೆಲ್ಲ ಮಾಡಿದ್ದು? ನೀವು ಬರ್ತಾ ಇರಿ. ಬಂದಾಗ ಮಾತ್ರ ಒಟ್ಟಿಗೇ ಹತ್ತಿ."

ನಮ್ಮವರು ಈಗಲೂ ರಸ್ತೆಯಲ್ಲಿ ಮುಂದೆಯೇ ನಡೆಯುತ್ತಾರೆ. ಆ ಗೇಟಿನ ಹತ್ತಿರ ಮಾತ್ರ ನಿಂತು ಕಾಯುತ್ತಾರೆ. ಇಬ್ಬರೂ ಒಟ್ಟಿಗೆ ಕಾಲಿಡುತ್ತೇವೆ. ಒಳಗೆ ಅಕ್ಕ ಕಾಫಿಗೆ ಇಡುತ್ತಾಳೆ.