ದೆವ್ವದ ಪರ ನನ್ನ ವಕಾಲತ್ತು

ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಭಕ್ತಿಯ ಸಿನಿಮಾ ನೋಡಿ ಅತ್ತವಳು ಸಂಸ್ಕಾರವಂತೆ, ದೆವ್ವದ ಸಿನಿಮಾ ನೋಡಿ ಬೆವೆತವಳಿಗೆ ಅಭಿರುಚಿಯಿಲ್ಲ ಎಂದು ಯಾರು ಕಟ್ಟಳೆ ಮಾಡಿದರೋ ಕಾಣೆ. ನಾಯಕ ನಾಯಕಿ ಮರ ಸುತ್ತಿದರೆ ತಕರಾರೆತ್ತದ ವಿಮರ್ಶಕರು, ಬಿಳಿ ಸೀರೆಯವಳು ಅದೇ ಮರದ ಕೆಳಗೆ ನಿಂತ ಕೂಡಲೇ ‘ಇದು ಸಾಧ್ಯವೇ?’ ಎನ್ನುತ್ತಾರೆ.

ಅಂಥವರೊಬ್ಬರು ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದರು. ನಂಜುಂಡಯ್ಯ ಮೇಷ್ಟ್ರು ನಮ್ಮ ಯಜಮಾನರ ಸ್ನೇಹಿತರು. ಯಳಂದೂರಿನ ಹೈಸ್ಕೂಲಿನಲ್ಲಿ ಪಾಠ, ಮೈಸೂರಿನ ವಾರಪತ್ರಿಕೆಗೆ ಸಿನಿಮಾ ವಿಮರ್ಶೆ. ನಮ್ಮ ಕೊಳ್ಳೇಗಾಲದ ಟೂರಿಂಗ್ ಟಾಕೀಸಿಗೆ ದೆವ್ವದ ಚಿತ್ರ ಬಂದಿದ್ದಾಗ, ಭಾನುವಾರದ ಊಟಕ್ಕೆ ಕೂತವರು ಹುಳಿಯನ್ನ ಕಲಸುತ್ತ, “ಎಲ್ಲ ಟೊಳ್ಳು. ಹೆದರಿಸೋದು ಕಲೆಯಲ್ಲ” ಎಂದರು. ನಮ್ಮವರು ತಲೆಯಾಡಿಸಿದರು. ನಮ್ಮವರಂತೂ ಆ ಸಿನಿಮಾ ನೋಡಿಯೇ ಇರಲಿಲ್ಲ.

“ಕೊನೇಲಿ ಆ ದೆವ್ವ ಮಾಡಿದ್ದೂ ಟೊಳ್ಳೇನು ಮೇಷ್ಟ್ರೇ?” ಎಂದೆ.

“ಕೊನೆ ನೋಡಲಿಲ್ಲ ತಾಯಿ. ಯಳಂದೂರಿನ ಕಡೇ ಬಸ್ಸು ತಪ್ಪೋದು, ಇಂಟರ್‌ವಲ್‌ಗೇ ಎದ್ದುಬಿಟ್ಟೆ.”

ಮಜ್ಜಿಗೆಯ ಪಾತ್ರೆ ಕೆಳಗಿಟ್ಟು ಕೂತೆ. ಅರ್ಧ ನೋಡಿ ಪೂರ್ತಿ ಬೈಯುವವರಿಗೆ ಮಜ್ಜಿಗೆ ಯಾಕೆ? “ಉಳಿದದ್ದು ಕೇಳಿ, ಆಮೇಲೆ ಬಡಿಸ್ತೀನಿ” ಎಂದೆ. ನಮ್ಮವರು ಕಣ್ಣಲ್ಲೇ ಗದರಿದರು. ನಾನು ಕಾಣದವಳಂತೆ ಕಥೆ ಶುರು ಮಾಡಿದೆ: ಗಂಡನ ಮನೆಯವರು ಅವಳನ್ನು ಬಾವಿಗೆ ತಳ್ಳಿದ್ದು, ಸೇಡಿಗೆಂದು ಬಂದವಳು ತೊಟ್ಟಿಲಲ್ಲಿ ತನ್ನ ಮಗುವನ್ನು ಕಂಡು ಬಂದ ಕೆಲಸ ಮರೆತದ್ದು, ಅದು ನಿದ್ದೆಹೋಗುವವರೆಗೂ ತೂಗಿ, ತಾನೇ ಮತ್ತೆ ಬಾವಿಗಿಳಿದದ್ದು. ಮೇಷ್ಟ್ರ ಕೈ ಎಲೆಯ ಮೇಲೇ ಒಣಗಿತು. “ಆಮೇಲೆ?” ಎಂದರು.

ಮುಂದಿನ ವಾರ ಪತ್ರಿಕೆಯಲ್ಲಿ ಆ ತೊಟ್ಟಿಲ ದೃಶ್ಯವನ್ನು ಹೊಗಳಿ ಅರ್ಧ ಪುಟ. ಗೆದ್ದೆನೆಂದು ಬೀಗಿದೆ. ಬೀದಿಯ ಹೆಂಗಸರಿಗೆಲ್ಲ ಓದಿ ಹೇಳಿದೆ. ಅವರು ಗುಂಪುಕಟ್ಟಿಕೊಂಡು ಸಿನಿಮಾಕ್ಕೆ ಹೋದರು. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಶಿವಮ್ಮ ಬಾಗಿಲಿಗೇ ಬಂದಳು.

“ಅಲ್ಲ ಕಣಕ್ಕ, ತೊಟ್ಲು ಎಲ್ಲೈತೆ? ಕಣ್ಣು ಬುಟ್ಕಂಡೇ ಕೂತಿದ್ವಿ. ಅವಳು ಎಲ್ರನೂ ಸಾಯ್ಸ್‌ಬುಟ್ಟು ನಗ್ತಾ ಒಂಟೋದ್ಲು, ಅಷ್ಟೇಯ.”

ಟಾಕೀಸಿನಲ್ಲಿ ನಾನು ದೆವ್ವ ಬಂದಾಗಲೆಲ್ಲ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ ಎನ್ನುವುದು ನಿಜ. ಕಿರ್ರೆಂದದ್ದು ಬಾಗಿಲೇ ಇರಬಹುದು; ನನಗೆ ತೊಟ್ಟಿಲೆಂದು ಕೇಳಿಸಿತ್ತು. ಆದರೂ ತೊಟ್ಟಿಲು ಇರಲೇಬೇಕಾದ ಕಥೆ ಅದು. ಇಡದೇ ಹೋದದ್ದು ನಿರ್ದೇಶಕರ ತಪ್ಪು.

“ಹಾಗಾದ್ರೆ ಸಿನಿಮಾನೇ ಚೆನ್ನಾಗಿಲ್ಲ ಬಿಡು” ಎಂದೆ.

“ಮೇಷ್ಟ್ರು ಮೊದಲೇ ಹೇಳಿದ್ರು” ಎಂದರು ಒಳಗಿನಿಂದ ನಮ್ಮವರು.

“ಅವರು ಹೇಳಿದ್ದು ಅರ್ಧ ನೋಡಿ” ಎಂದೆ. “ನಾನು ಪೂರ್ತಿ ನೋಡಿದವಳು, ಕಣ್ಣು ಮುಚ್ಚಿಕೊಂಡಾದರೂ.”